ಮಂಜಿನಡಿಯ ಹೂಳು

ನಿನ್ನೆ ರಾತ್ರಿ ಅಂಟಾರ್ಕ್ಟಿಕಾದ ವಿಂಟರ್ ಕ್ವಾರ್ಟರ್ಸ್ ಬೇ ಬಗ್ಗೆ ಓದುತ್ತಾ ಕೂತಿದ್ದೆ. ಬೆಳಿಗ್ಗೆ ಎದ್ದ ಮೇಲೂ ಅದೇ ತಲೆಯಲ್ಲಿದೆ.

1902ರಲ್ಲಿ ಬ್ರಿಟಿಷ್ ಅನ್ವೇಷಕ ಸ್ಕಾಟ್ ತಂಡದ ಡಿಸ್ಕವರಿ ಹಡಗು ಚಳಿಗಾಲ ಕಳೆದ ಪುಟ್ಟ ಕೊಲ್ಲಿ ಅದು. 1956ರ ಹೊತ್ತಿಗೆ ಪಕ್ಕದಲ್ಲೇ ಅಮೆರಿಕದ ಮೆಕ್‌ಮರ್ಡೊ ಸಂಶೋಧನಾ ನೆಲೆ ಬಂತು. ಕಸವನ್ನೆಲ್ಲ ದಡದಲ್ಲಿ, ಇಲ್ಲಾ ಹೆಪ್ಪುಗಟ್ಟಿದ ಸಮುದ್ರದ ಮೇಲೆ ಸುರಿದರು. ಮಂಜು ಒಡೆದಾಗ ಕಸ ಕಣ್ಣಿಂದ ಮರೆಯಾಯಿತು, ಅಷ್ಟೇ. ತಳಕ್ಕೆ ಹೋಗಿ ಕೂತಿತ್ತು.

ಆಮೇಲೆ ವಿಜ್ಞಾನಿಗಳು ತಳದ ಹೂಳು ಎತ್ತಿ ಪರೀಕ್ಷೆ ಮಾಡಿದರು. ಇಂಧನದ ಎಣ್ಣೆ, ಲೋಹಗಳು, ಜೊತೆಗೆ ಪಿಸಿಬಿ (ಪಾಲಿಕ್ಲೋರಿನೇಟೆಡ್ ಬೈಫಿನೈಲ್) ಅನ್ನೋ ವಿಷ. ಟ್ರಾನ್ಸ್‌ಫಾರ್ಮರ್‌ಗಳಲ್ಲಿ ಬಳಸುತ್ತಿದ್ದರಲ್ಲ, ಅದೇ. ಇದು ಕಾರ್ಖಾನೆಯಲ್ಲಿ ಹುಟ್ಟಿದ ರಾಸಾಯನಿಕ. ಹೂಳಲ್ಲಿ ಕಂಡರೆ ಮನುಷ್ಯರದ್ದೇ ಕೆಲಸ ಅಂತ ಗೊತ್ತಾಗಿಬಿಡುತ್ತದೆ. ಗಾಳಿಯಲ್ಲಿ ದೂರದಿಂದ ಬಂದಿದ್ದರೆ ಸುತ್ತಮುತ್ತ ಎಲ್ಲ ಕಡೆ ಹೆಚ್ಚುಕಮ್ಮಿ ಒಂದೇ ಸಮ ಇರಬೇಕಿತ್ತು, ಅಲ್ವಾ? ಇಲ್ಲಿ ಹಾಗಿಲ್ಲ. ಕೊಲ್ಲಿ ದಾಟಿ ಸ್ವಲ್ಪ ಆಚೆ ಹೋದರೆ ಪ್ರಮಾಣ ತೀರಾ ಇಳಿಯುತ್ತದೆ. ಎಲ್ಲಿಂದ ಬಂತು ಅಂತ ಹೂಳೇ ಬೆರಳು ತೋರಿಸುತ್ತದೆ.

ನನಗೆ ಜಾಸ್ತಿ ಸಂಕಟ ಆಗಿದ್ದು ಚಳಿಯ ವಿಷಯಕ್ಕೆ. ಅಲ್ಲಿನ ನೀರು ಸುಮಾರು ಮೈನಸ್ 1.9 ಡಿಗ್ರಿ. ಎಣ್ಣೆ ತಿನ್ನುವ ಸೂಕ್ಷ್ಮಜೀವಿಗಳ ಕೆಲಸ ಬಲು ನಿಧಾನ. ಫ್ರಿಡ್ಜಿನಲ್ಲಿಟ್ಟ ಸಾರಿನ ಹಾಗೆ, ಬಿದ್ದದ್ದು ಬಿದ್ದ ಹಾಗೇ ಉಳಿಯುತ್ತದೆ. ಕಸ ಸುರಿಯುವುದು ನಿಂತು ದಶಕಗಳಾದ ಮೇಲೂ ಅದು ಹೂಳಲ್ಲೇ ಇದೆ.

ಪಕ್ಕದ ಶುದ್ಧ ತಳದಲ್ಲಿ ಸ್ಪಂಜುಗಳು, ಚಿಪ್ಪಿನ ಪ್ರಾಣಿಗಳು ಇವೆ. ಈ ಕೊಲ್ಲಿಯಲ್ಲಿ ಹೆಚ್ಚಾಗಿ ಕಾಣುವುದು ಕೊಳೆ ತಡೆದುಕೊಳ್ಳುವ ಸಣ್ಣ ಹುಳುಗಳು.