‘ಪಂಚಾಯಿತಿಗೆ ಕಂದಾಯ ಯಾಕೆ ಕಟ್ಟಬೇಕು?’ ಎಂದು ಕೇಳುವವರಿಗೆ

ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ಹಾಲಿನ ಡೇರಿ ಮುಂದೆ, ಎಲ್ಲಿ ಸಿಕ್ಕರೂ ಜನ ನನ್ನನ್ನು ಕೇಳುವುದು ಒಂದೇ ಪ್ರಶ್ನೆ. “ಅಕ್ಕ, ಪಂಚಾಯಿತಿಗೆ ಮನೆ ಕಂದಾಯ ಯಾಕೆ ಕಟ್ಟಬೇಕು? ಕಟ್ಟಿದ್ದೆಲ್ಲ ಅವರೇ ತಿಂತಾರಲ್ವಾ?” ನಾನು ತುಮಕೂರು ಜಿಲ್ಲೆಯ ಒಂದು ಗ್ರಾಮ ಪಂಚಾಯಿತಿಯಲ್ಲಿ ಐದು ವರ್ಷ ಸದಸ್ಯೆಯಾಗಿದ್ದೆ. ಅದಕ್ಕೇ ನನ್ನನ್ನು ಹಿಡಿದು ಕೇಳುತ್ತಾರೆ. ನಿಂತಲ್ಲೇ ಎರಡು ಮಾತಿನಲ್ಲಿ ಹೇಳಿ ಮುಗಿಸಲು ಆಗುವುದಿಲ್ಲ. ಹಾಗಾಗಿ ಕೂತು ಬರೆಯುತ್ತಿದ್ದೇನೆ.

ಕಟ್ಟಬೇಕು ಅನ್ನುವುದೇ ನನ್ನ ಉತ್ತರ. ಹಾಗಂತ ಕೇಳುವವರ ಸಿಟ್ಟು ಸುಳ್ಳು ಅಂತ ನಾನು ಹೇಳುವುದಿಲ್ಲ. ಆ ಸಿಟ್ಟಿಗೆ ಕಾರಣ ಏನು ಅಂತ ಹತ್ತಿರದಿಂದ ನೋಡಿದ್ದೇನೆ.

ನಾನು ಸದಸ್ಯೆಯಾದ ಎರಡನೇ ವರ್ಷ, ಏಪ್ರಿಲ್ ತಿಂಗಳು. ಬೆಳಗ್ಗೆ ಆರಕ್ಕೇ ಊರಿಗೆ ನೀರು ಬಿಡುವ ನೀರುಗಂಟಿ ಬಂದು ಬಾಗಿಲು ತಟ್ಟಿದ. ಬೋರ್‌ವೆಲ್ ಮೋಟರ್ ಸುಟ್ಟುಹೋಗಿತ್ತು. ಪೈಪು ಮೇಲೆತ್ತಿಸಬೇಕು, ಮೋಟರ್ ಪೇಟೆಗೆ ಒಯ್ದು ರೀವೈಂಡಿಂಗ್ ಮಾಡಿಸಬೇಕು, ಮತ್ತೆ ಇಳಿಸಬೇಕು. ನಾನು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಅಂದರೆ ಪಿಡಿಒ ಹತ್ತಿರ ಓಡಿದೆ. ಕೇಂದ್ರದ ಹಣಕಾಸು ಆಯೋಗ ಹೇಳಿದಂತೆ ಬರುವ ಅನುದಾನ ಖಾತೆಯಲ್ಲಿ ಇತ್ತು. ಆದರೆ ಅದರಲ್ಲಿ ಖರ್ಚು ಮಾಡಲು ಕ್ರಿಯಾ ಯೋಜನೆಯಲ್ಲಿ, ಅಂದರೆ ಆ ವರ್ಷದ ಕೆಲಸಗಳ ಪಟ್ಟಿಯಲ್ಲಿ, ಆ ಕೆಲಸ ಇರಬೇಕು, ಒಪ್ಪಿಗೆ ಆಗಿರಬೇಕು. ಜನ ಕಟ್ಟುವ ಕಂದಾಯ ಸೇರುವ ಸ್ವಂತ ನಿಧಿಯಲ್ಲಿ ಎಷ್ಟಿದೆ ಅಂತ ಕೇಳಿದೆ. ಅವರು ಪಾಸ್‌ಬುಕ್ ತೆಗೆದು ನನ್ನ ಮುಂದಿಟ್ಟರು. ಪೈಪು ಎತ್ತಿಸುವ ಕೂಲಿಗೂ ಸಾಲದಷ್ಟು ದುಡ್ಡಿತ್ತು.

ನಾಲ್ಕು ದಿನ ಊರಿಗೆ ನೀರಿಲ್ಲ. ಹೆಂಗಸರು ತೋಟದ ಬೋರಿಂದ ಹೊತ್ತು ತಂದರು. ಬಸುರಿಯೊಬ್ಬಳು ಕೊಡ ಇಟ್ಟುಕೊಂಡು ದಿಬ್ಬ ಹತ್ತುತ್ತಿದ್ದುದು ನನ್ನ ಕಣ್ಣಿಂದ ಇನ್ನೂ ಹೋಗಿಲ್ಲ.

ಐದನೇ ದಿನ ಮೋಟರ್ ಇಳಿಯಿತು. ಅಂಗಡಿಯವರು ಸಾಲಕ್ಕೆ ಮಾಡಿಕೊಟ್ಟಿದ್ದರು. ಅವತ್ತು ಮಧ್ಯಾಹ್ನ ನಾನು ಡಿಸಿಬಿ ಪಟ್ಟಿ ತರಿಸಿಕೊಂಡೆ. ಯಾರು ಎಷ್ಟು ಕಂದಾಯ ಕಟ್ಟಬೇಕಿತ್ತು, ಎಷ್ಟು ಕಟ್ಟಿದ್ದಾರೆ, ಎಷ್ಟು ಬಾಕಿ ಅನ್ನುವ ಲೆಕ್ಕ ಅದರಲ್ಲಿರುತ್ತದೆ. ಅರ್ಧಕ್ಕಿಂತ ಜಾಸ್ತಿ ಮನೆಗಳ ಮುಂದೆ ಬಾಕಿ ಇತ್ತು. ಕೆಲವರದು ಏಳೆಂಟು ವರ್ಷದ್ದು.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ಪಂಚಾಯಿತಿಗೆ ಸರ್ಕಾರದಿಂದ ದುಡ್ಡು ಬರುತ್ತದಲ್ಲ, ನಮ್ಮದು ಯಾಕೆ ಬೇಕು ಅಂತ ಜನ ಕೇಳುತ್ತಾರೆ. ಬರುತ್ತದೆ, ನಿಜ. ಆದರೆ ಅದು ಕಟ್ಟುಹಾಕಿ ಬರುವ ದುಡ್ಡು. 15ನೇ ಹಣಕಾಸು ಆಯೋಗ 2021ರಿಂದ 2026ರವರೆಗಿನ ಐದು ವರ್ಷಕ್ಕೆ ಹೇಳಿದ ಅನುದಾನವನ್ನೇ ನೋಡಿ. ಶೇ. 60 ಭಾಗ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಿತ್ತು. ಉಳಿದ ಶೇ. 40 ಭಾಗ ಸ್ವಲ್ಪ ಸಡಿಲ, ಆದರೆ ಅದನ್ನೂ ಸಂಬಳಕ್ಕೆ, ಕಚೇರಿ ಖರ್ಚಿಗೆ ಮುಟ್ಟುವಂತಿರಲಿಲ್ಲ. ಮೇಲಿಂದ ಬಂದ ದುಡ್ಡಿಗೆ ಪಂಚಾಯಿತಿ ಮುಖ್ಯವಾಗಿ ಮೇಲಿನವರಿಗೆ ಲೆಕ್ಕ ಒಪ್ಪಿಸುತ್ತದೆ. ನಾವು ಕಟ್ಟಿದ ದುಡ್ಡಿಗೆ ನಮಗೆ ಲೆಕ್ಕ ಒಪ್ಪಿಸಬೇಕು. ನನ್ನ ಐದು ವರ್ಷದಲ್ಲಿ ಅನುದಾನದ ಬಗ್ಗೆ ಗ್ರಾಮ ಸಭೆಯಲ್ಲಿ ಗಟ್ಟಿಯಾಗಿ ಕೇಳಿದವರು ಕಡಿಮೆ. ಕಂದಾಯ ಕಟ್ಟಿದವರು ಮಾತ್ರ ಬಿಡುತ್ತಿರಲಿಲ್ಲ. “ನಾನು ಕಟ್ಟಿದೀನಿ, ನಮ್ಮ ಬೀದಿ ಲೈಟ್ ಎಲ್ಲಿ?” ಅಂತ ಎದ್ದು ನಿಲ್ಲುತ್ತಿದ್ದರು. ಆ ದನಿಯಲ್ಲಿ ಒಂದು ಹಕ್ಕು ಇರುತ್ತದೆ.

ಸೋಪು, ಬಿಸ್ಕತ್ತು ಕೊಂಡಾಗಲೂ ನಾವು ತೆರಿಗೆ ಕಟ್ಟುತ್ತೇವೆ. ಅದು ಬೆಲೆಯಲ್ಲೇ ಸೇರಿರುವುದರಿಂದ ಗೊತ್ತಾಗುವುದಿಲ್ಲ. ಮನೆ ಕಂದಾಯ ಹಾಗಲ್ಲ. ಕೈಯಾರೆ ಎಣಿಸಿ ಕೊಡಬೇಕು, ಹೊಟ್ಟೆ ಚುರುಕ್ ಅನ್ನುತ್ತದೆ. ಹಾಗಾಗಿಯೇ ಅದು ನ್ಯಾಯವಾಗಿರಬೇಕು ಅಂತ ನಾನು ಒತ್ತಿ ಹೇಳುವುದು.

ನ್ಯಾಯ ಅಂದಾಗ ಎಲ್ಲರೂ ದರದ ಬಗ್ಗೆ ಜಗಳ ಆಡುತ್ತಾರೆ. ಜಾಸ್ತಿ ಮಾಡಿದರು, ಕಡಿಮೆ ಮಾಡಲಿ ಅಂತ. ನಾನು ಕಂಡ ಹಾಗೆ ದೊಡ್ಡ ಅನ್ಯಾಯ ಇರುವುದು ಅಳತೆಯಲ್ಲಿ. ಪಂಚಾಯಿತಿಗಳಿಗೆ ಬಲ ಕೊಟ್ಟ ಸಂವಿಧಾನದ 73ನೇ ತಿದ್ದುಪಡಿ ಆದಮೇಲೆ ನಮ್ಮ ರಾಜ್ಯದಲ್ಲಿ 1993ರ ಪಂಚಾಯತ್ ರಾಜ್ ಕಾಯ್ದೆ ಬಂತು. ಅದರ 199ನೇ ಪ್ರಕರಣ ಗ್ರಾಮ ಪಂಚಾಯಿತಿಗೆ ಮನೆ, ಕಟ್ಟಡ, ವ್ಯವಸಾಯಕ್ಕಲ್ಲದ ಜಾಗಗಳ ಮೇಲೆ ತೆರಿಗೆ ಹಾಕುವ ಅಧಿಕಾರ ಕೊಟ್ಟಿದೆ. ತೆರಿಗೆ ಹಾಕಲು ಮೊದಲು ಕಟ್ಟಡ ಎಷ್ಟು ದೊಡ್ಡದು, ಎಂಥದ್ದು ಅಂತ ಪುಸ್ತಕದಲ್ಲಿ ಇರಬೇಕಲ್ಲ? ನಮ್ಮ ಪುಸ್ತಕದಲ್ಲಿ ಇದ್ದದ್ದು ಯಾವುದೋ ಕಾಲದ ಊರು. ಎರಡು ಅಂಕಣದ ಹೆಂಚಿನ ಮನೆ ಅಂತ ಬರೆದ ಕಡೆ ಮೂರು ಅಂತಸ್ತಿನ ತಾರಸಿ ಮನೆ ಎದ್ದಿತ್ತು. ಮಳೆಗೆ ಬಿದ್ದುಹೋದ ಗೋಡೆಗಳಿಗೆ ಇನ್ನೂ ಕಂದಾಯ ಬೀಳುತ್ತಿತ್ತು. ಆ ಜಾಗದ ವಿಧವೆ ಹೆಂಗಸು ತಂಗಿಯ ಮನೆಯಲ್ಲಿದ್ದುಕೊಂಡು, ವರ್ಷವರ್ಷವೂ ಬಂದು ಕಟ್ಟಿ ಹೋಗುತ್ತಿದ್ದಳು. ರಸ್ತೆ ಬದಿಯ ಕಲ್ಯಾಣ ಮಂಟಪ ನಮ್ಮ ಪುಸ್ತಕದಲ್ಲಿ ‘ಶೀಟಿನ ಗೋದಾಮು’ ಆಗಿತ್ತು.

ಯಾಕೆ ಹೀಗೆ? ಎಲ್ಲವನ್ನೂ ಲಂಚ ಅಂತ ತಳ್ಳಿಹಾಕಬೇಡಿ. ಗ್ರಾಮ ಪಂಚಾಯಿತಿ ಸದಸ್ಯ ಅಂದರೆ ಪಕ್ಕದ ಮನೆಯವನು. ನಾಳೆ ಅವರ ಮನೆ ಮದುವೆಗೆ ಹೋಗಬೇಕು, ಅವರ ಜಮೀನಿನ ಬದುವಿನ ಮೇಲೆ ನಡೆಯಬೇಕು, ಮುಂದಿನ ಸಲ ಅವರ ವೋಟೇ ಬೇಕು. ದೆಹಲಿಯಲ್ಲೋ ಬೆಂಗಳೂರಿನಲ್ಲೋ ಕೂತು ತೆರಿಗೆ ಏರಿಸುವವರಿಗೆ ಈ ಕಷ್ಟ ಇಲ್ಲ. ಹತ್ತಿರದವರು ಟೇಪು ಹಿಡಿದು ಹತ್ತಿರದವರ ಮನೆ ಅಳೆಯುವುದು ಬಹಳ ಕಷ್ಟ. ಹಾಗಾಗಿ ಯಾರೂ ಅಳೆಯುವುದಿಲ್ಲ. ಅಳೆಯದೇ ಬಿಟ್ಟರೆ ಲಾಭ ಯಾರಿಗೆ? ಹೊಸದಾಗಿ ಮನೆ ಕಟ್ಟಿಸಿದವರಿಗೆ. ಹೆಂಚಿನ ಮನೆಯಲ್ಲೇ ಉಳಿದವರು ಹಳೇ ಲೆಕ್ಕದಲ್ಲಿ ಪೂರ್ತಿ ಕಟ್ಟುತ್ತಾ ಇರುತ್ತಾರೆ.

ನಾನು ಏನು ಮಾಡಿದೆ ಅಂತ ಹೇಳುತ್ತೇನೆ. ಪುಸ್ತಕದಲ್ಲಿ ನಮ್ಮ ಮನೆ ಹುಡುಕಿದೆ. ನಮ್ಮತ್ತೆ ಹೆಸರಲ್ಲಿತ್ತು. ಹಿಂದೆ ಕಟ್ಟಿಸಿದ ಎರಡು ಕೋಣೆ, ಮಹಡಿ, ಯಾವುದೂ ಸೇರಿರಲಿಲ್ಲ. ಕಂದಾಯ ವಸೂಲಿ ಮಾಡುವ ಬಿಲ್ ಕಲೆಕ್ಟರ್‌ನ ಕರೆಸಿ ಮೊದಲು ನಮ್ಮ ಮನೆ ಅಳೆಸಿದೆ. ನಮ್ಮತ್ತೆಗೆ ಇಷ್ಟವಾಗಲಿಲ್ಲ. “ಊರಿಗೆಲ್ಲ ಇಲ್ಲದ್ದು ನಮಗ್ಯಾಕೆ?” ಅಂದರು. ಕಂದಾಯ ಎರಡು ಪಟ್ಟಿಗಿಂತ ಜಾಸ್ತಿ ಆಯಿತು. ರಸೀದಿ ತಗೊಂಡು ಸಾಮಾನ್ಯ ಸಭೆಗೆ ಹೋಗಿ ಮೇಜಿನ ಮೇಲಿಟ್ಟೆ. ಉಳಿದ ಸದಸ್ಯರ ಮನೆಗಳನ್ನೂ ಅಳೆಯೋಣ ಅಂದೆ. ಒಂದಿಬ್ಬರು ಎದ್ದು ಹೋದರು. ಒಬ್ಬ ಹಿರಿಯ ಸದಸ್ಯರು ಮಾತ್ರ, “ಅಳೀರಮ್ಮ, ನಂದೂ ಅಳೀರಿ” ಅಂದರು. ಅವರು ಅವತ್ತು ಹಾಗೆ ಹೇಳದೇ ಇದ್ದಿದ್ದರೆ ಏನೂ ಆಗುತ್ತಿರಲಿಲ್ಲ.

ಆರು ತಿಂಗಳು ಹಿಡಿಯಿತು. ಕಡಿಮೆ ಆದವರೂ ಇದ್ದರು ಅನ್ನುವುದನ್ನು ಹೇಳಲೇಬೇಕು. ಬಿದ್ದುಹೋದ ಮನೆಯ ಆ ಹೆಂಗಸಿಗೆ ಕಟ್ಟಡದ ಲೆಕ್ಕ ತೆಗೆದು ಖಾಲಿ ಜಾಗದ ಲೆಕ್ಕ ಮಾತ್ರ ಉಳಿಯಿತು. ಅಳತೆ ಅಂದರೆ ಏರಿಸುವುದು ಅಂತಲೇ ಜನ ಅಂದುಕೊಂಡಿದ್ದರು. ಇಳಿದದ್ದು ನೋಡಿದ ಮೇಲೆ ಬೀದಿಯ ಮಾತು ಬೇರೆಯಾಯಿತು.

ಅಳೆಯುವಾಗಲೇ ಇನ್ನೊಂದು ಗೊತ್ತಾಯಿತು. ನಮ್ಮ ಬೀದಿ ಕೊನೆಯ ಅಜ್ಜಿಗೆ ಮೂರು ವರ್ಷದ ಬಾಕಿ, ಮೇಲೆ ದಂಡ. ಅಜ್ಜಿ ಪ್ಲಾಸ್ಟಿಕ್ ಕವರ್ ಬಿಚ್ಚಿದರು. ರೇಷನ್ ಕಾರ್ಡು, ಪಿಂಚಣಿ ಪುಸ್ತಕ, ಗಂಡನ ಒಂದು ಫೋಟೋ. ರಸೀದಿ ಇರಲಿಲ್ಲ. “ಕೈಗೇ ಕೊಟ್ಟೆ ಕಣಮ್ಮ. ಆಮೇಲೆ ಬರೆದುಕೊಡ್ತೀನಿ ಅಂದ. ನಾನು ಸುಳ್ಳು ಹೇಳ್ತೀನಾ?” ಅಂದರು. ಹಿಂದೆ ವಸೂಲಿಗೆ ಬರುತ್ತಿದ್ದವನು ಆಗಲೇ ಬೇರೆ ಕಡೆ ಹೋಗಿದ್ದ. ಕೇಳಿಸಿದಾಗ, ಕೊಟ್ಟೇ ಇಲ್ಲ ಅಂದ. ಪುರಾವೆ ಇಲ್ಲದೆ ನಾವು ಏನೂ ಮಾಡಲಾಗಲಿಲ್ಲ. ಅಜ್ಜಿ ಪಿಂಚಣಿ ದುಡ್ಡಿನಲ್ಲಿ ಸ್ವಲ್ಪ ಸ್ವಲ್ಪವಾಗಿ ಮತ್ತೆ ಕಟ್ಟಿದರು. ನನ್ನ ಐದು ವರ್ಷದಲ್ಲಿ ನನಗೆ ತುಂಬಾ ನೋವು ಕೊಟ್ಟದ್ದು ಇದು. ‘ಕಟ್ಟಿದ್ದೆಲ್ಲ ತಿಂತಾರೆ’ ಅನ್ನುವ ಮಾತು ಎಲ್ಲಿ ಹುಟ್ಟುತ್ತದೆ ಅಂತ ಅವತ್ತು ಗೊತ್ತಾಯಿತು. ಕೋಟಿ ರೂಪಾಯಿಯ ಹಗರಣ ಬೇಕಿಲ್ಲ. ಒಬ್ಬ ಅಜ್ಜಿಯ ಮೂರು ವರ್ಷದ ಕಂದಾಯ ಸಾಕು, ಇಡೀ ಬೀದಿ ಕಟ್ಟುವುದನ್ನು ನಿಲ್ಲಿಸುತ್ತದೆ.

ಅದಕ್ಕೇ ನಾನು ಕೈ ಮುಗಿದು ಕೇಳುವುದು: ರಸೀದಿ ಇಲ್ಲದೆ ಒಂದು ರೂಪಾಯಿಯನ್ನೂ ಕೊಡಬೇಡಿ. ಈಗ ಹಲವು ಕಡೆ ಕೈಯಲ್ಲೇ ಹಿಡಿಯುವ ಮಷಿನ್ನಿನಲ್ಲಿ ರಸೀದಿ ಬರುತ್ತದೆ, ಫೋನಿನಲ್ಲೂ ಕಟ್ಟಬಹುದು. ರಸೀದಿ ಓದಿ ನೋಡಿ. ಮನೆ ತೆರಿಗೆ ಜೊತೆಗೆ ಆರೋಗ್ಯ, ಶಿಕ್ಷಣ, ಗ್ರಂಥಾಲಯ, ಭಿಕ್ಷುಕರ ಪುನರ್ವಸತಿ ಅಂತ ಬೇರೆ ಬೇರೆ ಉಪಕರ ಸೇರಿರುತ್ತದೆ. ಇವನ್ನು ಆಯಾ ಕೆಲಸಕ್ಕೆಂದೇ ವಸೂಲಿ ಮಾಡುವುದು. ಹಾಗೇ ಪಂಚಾಯಿತಿ ತನ್ನ ಸ್ವಂತ ಆದಾಯದಲ್ಲಿ ಪರಿಶಿಷ್ಟ ಜಾತಿ, ಪಂಗಡದವರಿಗೆ ಒಂದು ಪಾಲು, ಅಂಗವಿಕಲರಿಗೆ ಶೇ. 5 ತೆಗೆದಿಡಬೇಕು. ನೀವು ಕಟ್ಟದೇ ಬಿಟ್ಟಾಗ ಆ ಪಾಲೂ ಕಡಿಮೆಯಾಗುತ್ತದೆ. ನಮ್ಮಲ್ಲಿ ಆ ಶೇ. 5ರಲ್ಲಿ ಒಬ್ಬ ಹುಡುಗನಿಗೆ ಗಾಲಿ ಕುರ್ಚಿ ಬಂತು. ಬಾಕಿ ವಸೂಲಿಯಾದ ವರ್ಷವೇ ಬಂತು.

ಸದಸ್ಯರ ನಡತೆ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಪಂಚಾಯಿತಿಯ ಗುತ್ತಿಗೆಯಲ್ಲಿ ಸದಸ್ಯನಿಗೆ ಪಾಲು ಇರಬಾರದು ಅಂತ ಕಾನೂನೇ ಹೇಳುತ್ತದೆ. ಭಾವನ ಹೆಸರು, ಬಾಮೈದನ ಹೆಸರು ಹಾಕಿಕೊಂಡು ಚರಂಡಿ ಕೆಲಸ ಮಾಡಿಸುವವರು ಎಲ್ಲಿದ್ದಾರೆ ಅಂತ ಊರಿನವರಿಗೇ ಚೆನ್ನಾಗಿ ಗೊತ್ತಿರುತ್ತದೆ. ಗೊತ್ತಿದ್ದೂ ಸುಮ್ನಿರುವುದು ತಪ್ಪು ಅಂತ ನನ್ನ ಅನಿಸಿಕೆ.

ಎಲ್ಲಿ ಕೇಳಬೇಕು? ವಾರ್ಡ್ ಸಭೆ, ಗ್ರಾಮ ಸಭೆ ಆರು ತಿಂಗಳಿಗೊಮ್ಮೆಯಾದರೂ ಆಗಬೇಕು. ಅದಕ್ಕಿಂತ ಒಳ್ಳೆಯ ಜಾಗ ಜಮಾಬಂದಿ. ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರ ಒಳಗೆ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜಮಾಬಂದಿ ಆಗುತ್ತದೆ. ಹಿಂದಿನ ವರ್ಷದ ಜಮಾ ಖರ್ಚು, ಮಾಡಿದ ಕೆಲಸ ಎಲ್ಲವನ್ನೂ ಜನರ ಮುಂದೆ ಇಡಬೇಕು. ನಾನು ಸದಸ್ಯೆಯಾದ ಮೊದಲ ವರ್ಷ ಅಲ್ಲಿಗೆ ಬಂದ ಜನ ಬೆರಳೆಣಿಕೆಯಷ್ಟು. ಟೀ ಕುಡಿದು, ಸಹಿ ಹಾಕಿ ಎದ್ದರು.

ಮೋಟರ್ ಸುಟ್ಟ ಮರುವರ್ಷ ನಾವು ಒಂದು ಕೆಲಸ ಮಾಡಿದೆವು. ಜಮಾಬಂದಿಯಲ್ಲಿ ಕಂದಾಯದ ಪುಸ್ತಕವನ್ನು ಗಟ್ಟಿಯಾಗಿ ಓದಿಸಿದೆವು. ಮೊದಲು ಸದಸ್ಯರ ಮನೆಗಳು, ಆಮೇಲೆ ಅಂಗಡಿ, ಮಂಟಪ, ಕೋಳಿ ಫಾರಂ, ಮೊಬೈಲ್ ಟವರ್. ಬಡವರ ಮನೆ ಬಾಕಿ ಓದಿ ಅವಮಾನ ಮಾಡುವುದು ಬೇಡ ಅಂತ ಮೊದಲೇ ತೀರ್ಮಾನ ಮಾಡಿದ್ದೆವು. ಶಾಲೆಯ ಜಗಲಿ ತುಂಬಿತ್ತು. ‘ಶೀಟಿನ ಗೋದಾಮು’ ಅಂತ ಓದಿದಾಗ ಹಿಂದಿನಿಂದ ಯಾರೋ, “ನನ್ನ ಮಗಳ ಮದುವೆ ಆಗಿದ್ದು ಅದೇ ಗೋದಾಮಲ್ಲಿ” ಅಂದರು. ಅಜ್ಜಿ ಮುಂದಿನ ಸಾಲಿನಲ್ಲೇ ಕೂತಿದ್ದರು. ಆ ವರ್ಷದ ರಸೀದಿ ಅವರ ಕವರಿನಲ್ಲಿತ್ತು.

ಮಂಟಪದವರು ಅಳತೆಗೆ ಒಪ್ಪದೆ ಮೇಲ್ಮನವಿ ಹಾಕಿದರು. ನನ್ನ ಅವಧಿ ಮುಗಿಯುವವರೆಗೂ ಅದು ಇತ್ಯರ್ಥವಾಗಲಿಲ್ಲ. ಈಗ ನಾನು ಸದಸ್ಯೆ ಅಲ್ಲ. ನಮ್ಮ ಮನೆ ಕಂದಾಯ ಕಟ್ಟಿದ್ದೇನೆ, ರಸೀದಿ ಇಟ್ಟುಕೊಂಡಿದ್ದೇನೆ. ಈ ಸಲದ ಜಮಾಬಂದಿಗೂ ಹೋಗುತ್ತೇನೆ. ಆ ಮಂಟಪದ ಅಳತೆ ಏನಾಯಿತು ಅಂತ ಕೇಳುವುದಿದೆ.