ಮನೆಯಲ್ಲೇ ಒಂದು ಫೋಟೊ ಮ್ಯಾಗಜೀನ್

ಕಲಬುರಗಿ ಸೀಮೆಯ ಋತುಗಳು, ಇಲ್ಲಿನ ಮುಖಗಳು. ಎರಡನ್ನೂ ಸೇರಿಸಿ ಮನೆಯಲ್ಲೇ ಪುಟ್ಟ ಮ್ಯಾಗಜೀನ್ ಮಾಡುತ್ತಿದ್ದೇನೆ. ನಾಲ್ಕು ಎ4 ಹಾಳೆ ಮಡಚಿ ನಡುವೆ ಪಿನ್ ಹೊಡೆದರೆ 16 ಪುಟ. ಒಂದೇ ಪುಟ ಜಾಸ್ತಿ ಬೇಕೆಂದರೆ ಆಗಲ್ಲ, ನಾಲ್ಕು ಸೇರಿಸಬೇಕು. ಹಾಗಾಗಿ ಇಷ್ಟದ ಫೋಟೊಗಳನ್ನೂ ಕೈಬಿಡಬೇಕಾಯಿತು.

8, 9ನೇ ಪುಟ ಒಂದೇ ಹಾಳೆಯ ಒಳಮೈ. ಅಲ್ಲಿ ಹೂಬಿಟ್ಟ ತೊಗರಿ ಹೊಲ, ಈ ಅಂಚಿನಿಂದ ಆ ಅಂಚಿನವರೆಗೆ ಹಳದಿ. ಮುಖವನ್ನು ಮಾತ್ರ ಅಲ್ಲಿ ಇಡಬಾರದು, ಮಡಿಕೆ ಸರಿಯಾಗಿ ಮೂಗಿನ ಮೇಲೆ ಬೀಳುತ್ತದೆ.

ಎಳ್ಳ ಅಮಾವಾಸ್ಯೆ ದಿನ ಹೊಲದಲ್ಲಿ ತೆಗೆದ ಅಜ್ಜಿಯ ಫೋಟೊಗೆ ಪೂರ್ತಿ ಒಂದು ಪುಟ ಕೊಟ್ಟಿದ್ದೇನೆ. ಸಜ್ಜೆ ರೊಟ್ಟಿ, ಭಜ್ಜಿ ಹಿಡಿದ ಕೈ. ಉಗುರಿನ ಸಂದಿಯಲ್ಲಿ ಕಪ್ಪು ಮಣ್ಣು. ಕಣ್ಣಿನ ಸುತ್ತ ಬಿಸಿಲಿನ ಗೆರೆಗಳು. ಎದುರು ಪುಟಕ್ಕೆ ಮೇ ತಿಂಗಳಲ್ಲಿ ಬಿರುಕು ಬಿಟ್ಟ ಎರೆ ಹೊಲ ಇಟ್ಟು ನೋಡಿದೆ. ತುಂಬಾ ಹೊತ್ತು ಸುಮ್ನೆ ನೋಡುತ್ತಾ ಕೂತೆ. ದುಡಿಯುವವರ ಮೈಮೇಲೂ ಋತು ಕಾಣುತ್ತದೆ ಅಲ್ವಾ?

ಇನ್ನು ಮುಖಪುಟ ಬಾಕಿ. ಮಳೆ ಬಿದ್ದ ಮೇಲಿನ ಹೆಸರು ಬೆಳೆಯ ಹಸಿರೇ ಬೇಕು ಅನಿಸುತ್ತಿದೆ. ಮೊದಲ ಪ್ರತಿ ಅಜ್ಜಿಗೆ.