ಮೈಕೈ ನೋವೆಂದು ಬರುವ ಖಿನ್ನತೆ

ಹಾವೇರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರವೊಂದರ ವೈದ್ಯನಾಗಿ ನಾನು ಕಂಡಂತೆ, ಮನಸ್ಸಿನ ಕಾಯಿಲೆಯೆಂದು ಹೇಳಿಕೊಂಡು ಬರುವ ರೋಗಿಗಳು ತೀರ ವಿರಳ. ತಲೆಭಾರ, ಮೈಕೈ ಸೆಳೆತ, ಎದೆ ಹೊಡೆದುಕೊಳ್ಳುವುದು, ನಿದ್ದೆ ಹತ್ತದಿರುವುದು, ಇವೇ ಅವರ ದೂರುಗಳು. ‘ಅಶಕ್ತಿ ಭಾಳ ಆಗೇತ್ರಿ ಸಾಹೇಬ್ರ, ಒಂದ್ ಸಲಾಯಿನ್ ಹಚ್ಚಿಬಿಡ್ರಿ’ ಎಂಬುದು ಅವರ ಬೇಡಿಕೆ. ಸಲಾಯಿನ್ ಹಚ್ಚಿ ಕಳಿಸುವುದು ಸುಲಭ. ಆದರೆ ಅದರಿಂದ ಖಿನ್ನತೆ ಕಡಿಮೆಯಾಗುವುದಿಲ್ಲ.

ಬ್ಯಾಡಗಿ ಕಡೆಯ ರೈತ ಮಹಿಳೆಯೊಬ್ಬರು ಪ್ಲಾಸ್ಟಿಕ್ ಚೀಲದ ತುಂಬ ರಕ್ತಪರೀಕ್ಷೆಯ ಚೀಟಿಗಳನ್ನೂ ಎಕ್ಸ್‌ರೇಗಳನ್ನೂ ತಂದಿದ್ದರು. ಎಲ್ಲವೂ ಸರಿಯಾಗಿಯೇ ಇದ್ದವು. ‘ಅವ್ವಾರ, ಮೊದಲ ಖುಷಿಲೆ ಮಾಡತಿದ್ದ ಕೆಲಸಕ್ಕ ಈಗ ಮನಸ್ಸು ಬರತೈತೇನ್ರಿ?’ ಎಂದು ಕೇಳಿದಾಗ, ‘ರೊಟ್ಟಿ ಬಡಿಯಾಕೂ ಮನಸ್ಸಾಗವಲ್ದರಿ’ ಎಂದವರು ಅಲ್ಲಿಯೇ ಅಳತೊಡಗಿದರು.

ಕಳೆದ 2 ವಾರಗಳಲ್ಲಿ ಬೇಸರ ಆವರಿಸಿತ್ತೇ, ಆಸಕ್ತಿ ಕುಂದಿತ್ತೇ ಎಂಬ ಈ ಎರಡು ಪ್ರಶ್ನೆಗಳಲ್ಲಿ ಒಂದಕ್ಕಾದರೂ ಹೌದೆಂಬ ಉತ್ತರ ಬಂದರೆ ಖಿನ್ನತೆಯ ತೀವ್ರತೆ ಅಳೆಯುವ 9 ಪ್ರಶ್ನೆಗಳ ಪಿಎಚ್‌ಕ್ಯೂ-9 ಪ್ರಶ್ನಾವಳಿಗೆ ಹೋಗಬಹುದು. ಒಟ್ಟು 27 ಅಂಕಗಳಲ್ಲಿ 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಗಂಭೀರವಾಗಿ ಪರಿಗಣಿಸಬೇಕು. ಆದರೂ ಅಂಕವೊಂದೇ ರೋಗನಿರ್ಣಯವಲ್ಲ. ಥೈರಾಯ್ಡ್ ತೊಂದರೆ, ರಕ್ತಹೀನತೆ ಮತ್ತು ಕುಡಿತದ ಚಟವನ್ನು ವಿಚಾರಿಸಬೇಕು. ಹಿಂದೆಂದಾದರೂ ನಿದ್ದೆಯಿಲ್ಲದೆಯೂ ಅತಿಯಾದ ಉತ್ಸಾಹ, ವಿಪರೀತ ಮಾತು, ಬೇಕಾಬಿಟ್ಟಿ ಖರ್ಚು ಕಂಡಿತ್ತೇ ಎಂದೂ ಕೇಳಲೇಬೇಕು, ಏಕೆಂದರೆ ಉನ್ಮಾದವೂ ಖಿನ್ನತೆಯೂ ಸರದಿಯಂತೆ ಬರುವ ಬೈಪೋಲಾರ್ ಕಾಯಿಲೆಯಿರುವವರಿಗೆ ಖಿನ್ನತೆಯ ಮಾತ್ರೆಯನ್ನಷ್ಟೇ ಕೊಟ್ಟರೆ ಉನ್ಮಾದ ಕೆರಳಬಹುದು.

ಸಾಯುವ ಯೋಚನೆಯ ಬಗ್ಗೆ ಕೇಳಲು ಅನೇಕ ವೈದ್ಯರು ಹಿಂಜರಿಯುತ್ತಾರೆ. ಕೇಳಿದ ಮಾತ್ರಕ್ಕೆ ಆ ಯೋಚನೆ ಹುಟ್ಟುವುದಿಲ್ಲ. ಬಹಳ ಮಂದಿಗೆ ಹೇಳಿಕೊಂಡ ನಿರಾಳತೆಯೇ ಸಿಗುತ್ತದೆ. ಹತ್ತಿ, ಮೆಣಸಿನಕಾಯಿ ಬೆಳೆಯುವ ನಮ್ಮ ಊರುಗಳಲ್ಲಿ ಕ್ರಿಮಿನಾಶಕದ ಡಬ್ಬಿ ಮನೆಯ ಮೂಲೆಯಲ್ಲೇ ಇರುವುದರಿಂದ, ಅದನ್ನು ರೋಗಿಯ ಕೈಗೆ ಸಿಗದಂತೆ ಬೀಗ ಹಾಕಿಡಿರಿ ಎಂದು ಮನೆಯವರಿಗೆ ಹೇಳುವುದನ್ನು ನಾನು ಚಿಕಿತ್ಸೆಯ ಭಾಗವೆಂದೇ ಭಾವಿಸುತ್ತೇನೆ.

ಖಿನ್ನತೆಗೆ ಕೊಡುವ ಎಸ್ಸಿಟಾಲೋಪ್ರಾಮ್‌ನಂತಹ ಮಾತ್ರೆಗಳ ಗುಣ ಕಾಣಲು ಸಾಮಾನ್ಯವಾಗಿ 2ರಿಂದ 4 ವಾರ ಬೇಕು, ಆದರೆ ಹೊಟ್ಟೆ ತೊಳಸುವುದು ಮೊದಲ ವಾರದಲ್ಲೇ ಶುರುವಾಗಬಹುದು. ಇದನ್ನು ಮೊದಲೇ ಹೇಳದಿದ್ದರೆ ‘ಗುಳಿಗಿ ಹಿಡಸಲಿಲ್ಲರಿ’ ಎಂದು ನಿಲ್ಲಿಸಿಬಿಡುತ್ತಾರೆ. ಆಗ ತಕ್ಷಣ ನಿದ್ದೆ ತರುವ ಆಲ್ಪ್ರಜೋಲಾಮ್ ಬರೆಯುವ ಸೆಳೆತ ವೈದ್ಯರಿಗಿರುತ್ತದೆ. ಅದನ್ನೇ ತಿಂಗಳುಗಟ್ಟಲೆ ನುಂಗಿದರೆ ಅವಲಂಬನೆ ಬೆಳೆಯುತ್ತದೆ. ಗುಣವಾದ ಮೇಲೂ ಕನಿಷ್ಠ 6 ತಿಂಗಳು ಖಿನ್ನತೆಯ ಮಾತ್ರೆಯನ್ನು ಮುಂದುವರಿಸಬೇಕು ಮತ್ತು ನಿಲ್ಲಿಸುವಾಗ ಹಂತಹಂತವಾಗಿ ಕಡಿಮೆ ಮಾಡಬೇಕು. ಖಿನ್ನತೆ ಸೌಮ್ಯವಾಗಿದ್ದರೆ ಮಾತ್ರೆಯೇ ಬೇಕೆಂದಿಲ್ಲ. ಸಮಾಧಾನದಿಂದ ಮಾತು ಕೇಳುವುದು, ನಿತ್ಯದ ಕೆಲಸಗಳನ್ನು ಸ್ವಲ್ಪಸ್ವಲ್ಪವಾಗಿ ಮತ್ತೆ ಹಿಡಿಸುವುದು, ನಿದ್ದೆಯ ಹೊತ್ತನ್ನು ಸರಿಪಡಿಸುವುದು ಸಾಕಾಗಬಹುದು.

ಭ್ರಮೆ, ಉನ್ಮಾದ ಅಥವಾ ಆತ್ಮಹತ್ಯೆಯ ಸಿದ್ಧತೆ ಕಂಡರೆ ತಡಮಾಡದೆ ಧಾರವಾಡದ ಡಿಮ್ಹಾನ್ಸ್‌ನಂತಹ ತಜ್ಞರ ಆಸ್ಪತ್ರೆಗೆ ಕಳಿಸಬೇಕು. ಉಳಿದ ಹೆಚ್ಚಿನವರ ಚಿಕಿತ್ಸೆ ಊರಿನ ಹತ್ತಿರವೇ ನಡೆಯಬೇಕು, ಏಕೆಂದರೆ ಕೂಲಿ ಬಿಟ್ಟು ಪ್ರತಿ ತಿಂಗಳು ಧಾರವಾಡಕ್ಕೆ ಹೋಗಿಬರುವುದು ಅವರಿಂದಾಗದು. ನಡುವೆ ಮಾತನಾಡಬೇಕೆನಿಸಿದರೆ ಟೆಲಿ-ಮಾನಸ್ ಸಹಾಯವಾಣಿ 14416 ಉಚಿತವಾಗಿ, ಹಗಲೂ ರಾತ್ರಿಯೂ, ಕನ್ನಡದಲ್ಲೇ ಸಿಗುತ್ತದೆ. ಔಷಧ ಚೀಟಿಯ ಮೇಲ್ತುದಿಯಲ್ಲಿ ನಾನು ಆ ಸಂಖ್ಯೆಯನ್ನು ಬರೆದೇ ಕೊಡುತ್ತೇನೆ.